ಎಮಿಷನ್ ಟೆಸ್ಟ್‌ಗೆ ಕಾಣದ ಡೀಸೆಲ್ ಹೊಗೆ

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಒಂದು ವ್ಯಾನ್ ನಿಂತಿರುತ್ತದೆ. ಒಳಗೆ ಕಂಪ್ಯೂಟರ್, ಹೊರಗೆ ಎಮಿಷನ್ ಟೆಸ್ಟ್ ಅನ್ನುವ ಬೋರ್ಡ್. ಡೀಸೆಲ್ ಗಾಡಿ ತಂದರೆ ಸೈಲೆನ್ಸರ್ ಬಾಯಿಗೆ ಒಂದು ಕೊಳವೆ ಸಿಕ್ಕಿಸುತ್ತಾರೆ. "ಪೂರ್ತಿ ಒತ್ತಿ ಬಿಡಿ ಸಾರ್" ಅನ್ನುತ್ತಾರೆ. ನಾಲ್ಕೈದು ಸಲ ಎಂಜಿನ್ ಗುಡುಗುತ್ತದೆ. ನಂಬರ್ ಪ್ಲೇಟಿನ ಫೋಟೋ, ಒಂದು ಪ್ರಿಂಟ್, ಕೆಲಸ ಮುಗಿಯಿತು.

ಆ ಕಾಗದದ ಮೇಲಿನ ನಂಬರ್ ಏನು ಹೇಳುತ್ತದೆ ಅಂತ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಯಂತ್ರ ಹೊಗೆಯ ಮೂಲಕ ಬೆಳಕು ಹಾಯಿಸುತ್ತದೆ. ಎಷ್ಟು ಬೆಳಕು ತಡೆಯಿತು ಅಂತ ನೋಡುತ್ತದೆ. ಅಂದರೆ ಹೊಗೆ ಎಷ್ಟು ಕಪ್ಪು, ಎಷ್ಟು ದಟ್ಟ ಅನ್ನುವುದಷ್ಟೇ ಅದರ ಲೆಕ್ಕ. ಹೊಗೆಯೊಳಗೆ ಏನಿದೆ ಅನ್ನುವುದು ಆ ಲೆಕ್ಕದಲ್ಲಿ ಇಲ್ಲ.

ಬುಸ್ಸೆಂದು ಕಪ್ಪು ಹೊಗೆ ಕಾರುವ ಲಾರಿಯನ್ನು ಹಿಡಿಯಲು ಈ ಪರೀಕ್ಷೆ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಡೀಸೆಲ್ ಹೊಗೆಯಲ್ಲಿ ದೇಹಕ್ಕೆ ನಿಜವಾಗಿ ಕೆಡುಕು ಮಾಡುವ ಭಾಗ ಬಹುಪಾಲು ಕಣ್ಣಿಗೆ ಕಾಣುವುದೇ ಇಲ್ಲ. ನಾವೂ ಹಾಗೆಯೇ ಅಳೆಯುತ್ತೇವೆ ಅಲ್ವಾ? ಕಪ್ಪು ಹೊಗೆ ಕಂಡರೆ ಕರ್ಚೀಫು ಹಿಡಿಯುತ್ತೇವೆ. ಕಾಣದಿದ್ದರೆ ಆರಾಮವಾಗಿ ಉಸಿರಾಡುತ್ತೇವೆ. ನನಗೆ ಚಿಂತೆ ಇರುವುದು ಅಲ್ಲೇ.

ಈ ಹೊಗೆ ಹುಟ್ಟುವುದು ಹೇಗೆ ಅಂತ ಮೊದಲು ನೋಡೋಣ. ಹಳೆಯ ಲಾಟೀನು ನೆನಪಿದೆಯಾ? ಬತ್ತಿ ಹದವಾಗಿದ್ದರೆ ದೀಪ ತಣ್ಣಗೆ ಉರಿಯುತ್ತದೆ. ಬತ್ತಿಯನ್ನು ಸ್ವಲ್ಪ ಜಾಸ್ತಿ ಏರಿಸಿದರೆ ಗಾಜಿಗೆ ಮಸಿ ಹಿಡಿಯುತ್ತದೆ. ಎಣ್ಣೆ ಹೆಚ್ಚಾಗಿ ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತದೆ. ಡೀಸೆಲ್ ಎಂಜಿನ್ ಒಳಗೆ ಇದು ಸೆಕೆಂಡಿಗೆ ಎಷ್ಟೋ ಸಲ ನಡೆಯುತ್ತಿರುತ್ತದೆ. ಪೆಟ್ರೋಲ್ ಎಂಜಿನ್‌ನಂತೆ ಇಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಿಮ್ಮಿದ ಹನಿಗಳ ಮಧ್ಯೆ ಗಾಳಿ ತಲುಪದ ಜಾಗಗಳು ಉಳಿಯುತ್ತವೆ. ಅಲ್ಲಿ ಮಸಿ. ಉರಿಯ ಅಂಚಿನಲ್ಲಿ ಬಿಸಿ ವಿಪರೀತ. ಅಲ್ಲಿ ಗಾಳಿಯಲ್ಲೇ ಇರುವ ಸಾರಜನಕ, ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ.

ಎಂಜಿನ್ ಮಾಡುವವರಿಗೆ ಇದೇ ದೊಡ್ಡ ಇಕ್ಕಟ್ಟು. ಉರಿಯ ಬಿಸಿ ತಗ್ಗಿಸಿದರೆ ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುತ್ತದೆ, ಮಸಿ ಹೆಚ್ಚುತ್ತದೆ. ಬಿಸಿ ಏರಿಸಿದರೆ ಮಸಿ ಕಡಿಮೆ, ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಹಾಗಾಗಿ ಕಪ್ಪು ಕಾಣದ ಎಂಜಿನ್ ಅಂದರೆ ಶುದ್ಧ ಎಂಜಿನ್ ಅಂತ ಹೇಳಲಾಗದು. ಒಂದು ಕಡಿಮೆಯಾಗಿ ಇನ್ನೊಂದು ಏರಿರಬಹುದು. ಇನ್ನೊಂದನ್ನು ನಮ್ಮ ಟೆಸ್ಟ್ ಅಳೆಯುವುದಿಲ್ಲ.

ಸರಿ, ಒಳಗೆ ಏನೇನಿದೆ? ಗಾಳಿಯಂತೆ ಬರುವವು ಕೆಲವು: ನೈಟ್ರೋಜನ್ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಗಂಧಕದ ಡೈಆಕ್ಸೈಡ್, ಬೆಂಜೀನ್, ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಮತ್ತು ಅಕ್ರೋಲೀನ್. ನಿಂತ ಬಸ್ಸಿನ ಹಿಂದೆ ಎರಡು ನಿಮಿಷ ಇದ್ದರೆ ಕಣ್ಣು ಚುರುಗುಟ್ಟುವುದು, ಗಂಟಲು ಕೆರೆಯುವುದು ಮುಖ್ಯವಾಗಿ ಇವುಗಳಿಂದ. ಇನ್ನು ಕಣಗಳು. ಕಣದ ಒಳಗಿನ ತಿರುಳು ಇಂಗಾಲ. ಅದರ ಮೈಗೆ ನೂರಾರು ಬಗೆಯ ಸಾವಯವ ರಾಸಾಯನಿಕಗಳು ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಅನ್ನುವ ಗುಂಪು ಮುಖ್ಯ. ಹೆಸರು ಉದ್ದ, ರಚನೆ ಸುಲಭ. ಇಂಗಾಲದ ಷಟ್ಕೋನದ ಉಂಗುರಗಳು ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೆಂಜೋಪೈರೀನ್ ಈ ಗುಂಪಿನದೇ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಇರುವುದೂ ಅದೇ.

ಮಸಿಗೂ ಕ್ಯಾನ್ಸರ್‌ಗೂ ಇರುವ ನಂಟು ಹೊಸದಲ್ಲ. 1775ರಲ್ಲೇ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಕೆಲಸದವರಲ್ಲಿ ಒಂದು ಬಗೆಯ ಕ್ಯಾನ್ಸರ್ ಹೆಚ್ಚು ಬರುವುದನ್ನು ಗಮನಿಸಿ, ಅದಕ್ಕೆ ಮಸಿಯೇ ಕಾರಣ ಅಂತ ಬರೆದಿದ್ದರು. ಆ ಕೆಲಸಕ್ಕೆ ಇಳಿಸುತ್ತಿದ್ದುದು ಚಿಕ್ಕ ಹುಡುಗರನ್ನು.

ಡೀಸೆಲ್ ಮಸಿಯಲ್ಲಿ ಇನ್ನೊಂದು ಸುತ್ತು ಇದೆ. ಎಂಜಿನ್ನಿನ ಬಿಸಿಯಲ್ಲಿ ಈ ಉಂಗುರಗಳಿಗೆ ನೈಟ್ರೋಜನ್ ಆಕ್ಸೈಡ್ ಸೇರಿಕೊಂಡು ನೈಟ್ರೋ ಸಂಯುಕ್ತಗಳು ಹುಟ್ಟುತ್ತವೆ. ಒಂದು ವಿಷ ಇನ್ನೊಂದರ ಜೊತೆ ಸೇರಿ ಮೂರನೆಯದು ಹುಟ್ಟಿದಂತೆ. 1997ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಹಿತೋಮಿ ಸುಜುಕಿ ಮತ್ತು ಅವರ ಸಂಗಡಿಗರು ಡೀಸೆಲ್ ಹೊಗೆಯಲ್ಲೂ ಊರಿನ ಗಾಳಿಯ ಧೂಳಿನಲ್ಲೂ ಇಂಥದ್ದೊಂದನ್ನು ಗುರುತಿಸಿದರು. ಅದು 3-ನೈಟ್ರೋಬೆಂಜಾಂಥ್ರೋನ್. ಯಾವುದಾದರೂ ವಸ್ತು ಜೀನುಗಳನ್ನು ಕೆಡಿಸುತ್ತದೆಯಾ ಅಂತ ನೋಡಲು ಏಮ್ಸ್ ಪರೀಕ್ಷೆ ಅಂತ ಒಂದಿದೆ. ತಾನಾಗಿ ಬೆಳೆಯಲಾಗದ ಒಂದು ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿಟ್ಟು ಆ ವಸ್ತುವನ್ನು ಹಾಕುತ್ತಾರೆ. ಜೀನು ಬದಲಾದ ಬ್ಯಾಕ್ಟೀರಿಯಾ ಮಾತ್ರ ಬೆಳೆದು ಚುಕ್ಕೆಗಳಾಗಿ ಕಾಣುತ್ತವೆ. ಚುಕ್ಕೆ ಹೆಚ್ಚಿದಷ್ಟೂ ವಸ್ತು ಕೆಟ್ಟದ್ದು. ಅದುವರೆಗೆ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು 1,8-ಡೈನೈಟ್ರೋಪೈರೀನ್. ಅದೂ ಡೀಸೆಲ್ ಹೊಗೆಯದೇ. ಸುಜುಕಿ ಅವರಿಗೆ ಸಿಕ್ಕಿದ್ದು ಅದನ್ನೂ ಮೀರಿಸಿತು.

ಅವರ ತಂಡ ಕಂಡ ಇನ್ನೊಂದು ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ಎಂಜಿನ್ ಮೇಲೆ ಭಾರ ಹೆಚ್ಚಿದಂತೆ ಈ ವಸ್ತು ಹುಟ್ಟುವುದೂ ಹೆಚ್ಚುತ್ತದೆ. ಅಳತೆ ಮೀರಿ ಲೋಡ್ ಮಾಡಿದ ಲಾರಿ ಶಿರಾಡಿ ಘಾಟಿಯಲ್ಲಿ ಮೊದಲ ಗೇರಿನಲ್ಲಿ ತೆವಳುತ್ತಾ ಹತ್ತುವುದನ್ನು ನೋಡಿದ್ದೀರಲ್ಲ? ಓವರ್‌ಲೋಡ್ ಅಂದರೆ ನಮಗೆ ರಸ್ತೆ ಹಾಳಾಗುವುದು, ಬ್ರೇಕ್ ಫೇಲ್ ಆಗುವುದು ನೆನಪಿಗೆ ಬರುತ್ತದೆ. ಉಸಿರಿನ ವಿಷಯವೂ ಅದರಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬ್ಯಾಕ್ಟೀರಿಯಾದಲ್ಲಿ ಕಂಡದ್ದು ಮನುಷ್ಯರಲ್ಲೂ ಅಷ್ಟೇ ಅಂತ ಹೇಳಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಒಂದು ರಾಸಾಯನಿಕವನ್ನು 'ಕ್ಯಾನ್ಸರ್ ತರಬಹುದು' ಅನ್ನುವ ಕೆಳಗಿನ ಪಟ್ಟಿಯಲ್ಲೇ ಇಟ್ಟಿದೆ. ಆದರೆ ಡೀಸೆಲ್ ಹೊಗೆಯನ್ನು ಇಡಿಯಾಗಿ ತೆಗೆದುಕೊಂಡರೆ ಅದೇ ಸಂಸ್ಥೆಗೆ ಯಾವ ಅನುಮಾನವೂ ಇಲ್ಲ. 1988ರಲ್ಲಿ 'ಬಹುಶಃ ಕ್ಯಾನ್ಸರ್ ತರುತ್ತದೆ' ಅಂದಿತ್ತು. 2012ರ ಜೂನ್ 12ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಆ 'ಬಹುಶಃ' ತೆಗೆದುಹಾಕಿತು. ತಂಬಾಕು, ಆಸ್ಬೆಸ್ಟಾಸ್ ಇರುವ ಮೊದಲ ಗುಂಪಿಗೆ ಡೀಸೆಲ್ ಹೊಗೆಯೂ ಸೇರಿತು. ಮೊದಲ ಗುಂಪು ಅಂದರೆ ತಂಬಾಕಿನಷ್ಟೇ ಅಪಾಯ ಅಂತ ಅರ್ಥ ಮಾಡಿಕೊಳ್ಳಬೇಡಿ. ತಂಬಾಕಿನ ಬಗ್ಗೆ ಎಷ್ಟು ಗಟ್ಟಿ ಪುರಾವೆ ಇದೆಯೋ ಇದರ ಬಗ್ಗೆಯೂ ಅಷ್ಟೇ ಗಟ್ಟಿ ಪುರಾವೆ ಇದೆ ಅಂತ ಅರ್ಥ.

ಆ ಪುರಾವೆ ಬಂದದ್ದು ಮುಖ್ಯವಾಗಿ ಗಣಿ ಕಾರ್ಮಿಕರಿಂದ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮತ್ತು ಅಲ್ಲಿನ ಕಾರ್ಮಿಕರ ಆರೋಗ್ಯ ಸಂಸ್ಥೆ ಸೇರಿ ಪೊಟ್ಯಾಶ್, ಟ್ರೋನಾ, ಉಪ್ಪು, ಸುಣ್ಣಕಲ್ಲಿನ 8 ಗಣಿಗಳ 12,315 ಕೆಲಸಗಾರರ ದಾಖಲೆಗಳನ್ನು ಪರಿಶೀಲಿಸಿದವು. ಈ ಗಣಿಗಳನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಬೇರೆ ಗಣಿಗಳಲ್ಲಿ ಶ್ವಾಸಕೋಶ ಕೆಡಿಸುವ ಕಲ್ಲುಪುಡಿ, ರೇಡಾನ್ ಮುಂತಾದವು ಜಾಸ್ತಿ ಇರುತ್ತವೆ. ಇಲ್ಲಿ ಅವು ಕಡಿಮೆ. ಹಾಗಾಗಿ ಡೀಸೆಲ್ ಯಂತ್ರಗಳ ಹೊಗೆಯ ಪಾತ್ರ ಬೇರೆಯಾಗಿ ಕಾಣುತ್ತಿತ್ತು. ಅತಿ ಹೆಚ್ಚು ಹೊಗೆ ಕುಡಿದವರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಬೀಡಿ ಸಿಗರೇಟಿನ ಲೆಕ್ಕ ಕಳೆದ ಮೇಲೂ. 1990ರ ದಶಕದಲ್ಲಿ ಶುರುವಾದ ಈ ಅಧ್ಯಯನ ಪ್ರಕಟವಾದದ್ದು 2012ರ ಮಾರ್ಚ್‌ನಲ್ಲಿ. ಮಧ್ಯೆ ಗಣಿ ಉದ್ಯಮದವರು ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಅಡ್ಡ ನಿಂತರು. ಆ ವರ್ಷಗಳಲ್ಲೂ ಯಾರೋ ಗಣಿಗೆ ಇಳಿಯುತ್ತಲೇ ಇದ್ದರು ಅನ್ನುವುದು ನನ್ನನ್ನು ಕಾಡುತ್ತದೆ.

ಈ ಕಣಗಳು ದೇಹದೊಳಗೆ ಏನು ಮಾಡುತ್ತವೆ? ಗಾತ್ರದಿಂದಲೇ ಶುರು ಮಾಡೋಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಡೀಸೆಲ್ ಕಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದು ಮೈಕ್ರಾನ್‌ಗಿಂತ ಚಿಕ್ಕವು. ರಸ್ತೆ ಧೂಳನ್ನು ಮೂಗಿನ ಕೂದಲು ತಡೆಯುತ್ತದೆ, ಕಫದಲ್ಲಿ ಹೊರಬರುತ್ತದೆ. ಇವು ಹಾಗಲ್ಲ. ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ತೀರ ಚಿಕ್ಕವು ಅಲ್ಲಿಂದ ರಕ್ತಕ್ಕೂ ದಾಟುತ್ತವೆ. 2019ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದವರು ಬಾಣಂತಿಯರ ಮಾಸನ್ನು ಪರೀಕ್ಷಿಸಿದಾಗ, ಮಗುವಿನ ಕಡೆಯ ಬದಿಯಲ್ಲೂ ಮಸಿಯ ಕಣಗಳು ಸಿಕ್ಕವು. ಎಲ್ಲಿಯ ಸೈಲೆನ್ಸರ್, ಎಲ್ಲಿಯ ಗರ್ಭ!

ಒಳಗೆ ಹೋದ ರಾಸಾಯನಿಕ ಎಣ್ಣೆಯ ಗುಣದ್ದು, ನೀರಿನಲ್ಲಿ ಕರಗುವುದಿಲ್ಲ. ದೇಹಕ್ಕೆ ಅದನ್ನು ಮೂತ್ರದಲ್ಲಿ ಹೊರಹಾಕಬೇಕು. ಅದಕ್ಕಾಗಿ ಕಿಣ್ವಗಳು ಅದನ್ನು ಬದಲಾಯಿಸಲು ಹೋಗುತ್ತವೆ. ಆ ಬದಲಾವಣೆಯ ನಡುವೆ ಒಂದು ಚುರುಕಾದ ರೂಪ ಹುಟ್ಟುತ್ತದೆ. ಅದು ಸುಮ್ನೆ ಹೊರಗೆ ಹೋಗದೆ ಕೆಲವೊಮ್ಮೆ ನಮ್ಮ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಜೀವಕೋಶ ಆ ಜಾಗವನ್ನು ರಿಪೇರಿ ಮಾಡುತ್ತದೆ. ರಿಪೇರಿ ತಪ್ಪಿದ ಕಡೆ ಜೀನು ಬದಲಾಗುತ್ತದೆ. ವರ್ಷಗಟ್ಟಲೆ ಹೀಗೆ ತಪ್ಪುಗಳು ಸೇರಿದರೆ ಕ್ಯಾನ್ಸರ್. ಅದಕ್ಕೇ ಎಷ್ಟು ಹತ್ತಿರ, ಎಷ್ಟು ಗಂಟೆ, ಎಷ್ಟು ವರ್ಷ ಅನ್ನುವುದು ಇಲ್ಲಿ ಅಷ್ಟು ಮುಖ್ಯ.

ಕ್ಯಾನ್ಸರ್ ನಿಧಾನದ ಕಥೆ. ಉಸಿರು ಮತ್ತು ಹೃದಯದ ಕಥೆ ಗಂಟೆಗಳಲ್ಲೇ ನಡೆಯುತ್ತದೆ. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಹಗಲು ಬಸ್ಸು, ಟ್ಯಾಕ್ಸಿ ಮಾತ್ರ ಓಡಾಡುತ್ತಿದ್ದವು. ಆಗ ಅವೆಲ್ಲ ಡೀಸೆಲ್. ಆಸ್ತಮಾ ಇದ್ದ 60 ಜನರನ್ನು ಅಲ್ಲಿ ಎರಡು ಗಂಟೆ ನಡೆಸಿದರು. ಇನ್ನೊಂದು ದಿನ ಅವರನ್ನೇ ಹತ್ತಿರದ ಹೈಡ್ ಪಾರ್ಕ್‌ನಲ್ಲಿ ಎರಡು ಗಂಟೆ ನಡೆಸಿದರು. ಪಾರ್ಕಿಗೆ ಹೋಲಿಸಿದರೆ ಬೀದಿಯಲ್ಲಿ ನಡೆದ ದಿನ ಶ್ವಾಸಕೋಶದ ಶಕ್ತಿ ಜಾಸ್ತಿ ಕುಗ್ಗಿತು, ಶೇಕಡಾ 6ರವರೆಗೆ. 2007ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಎಡಿನ್‌ಬರೋದ ವೈದ್ಯರು ಇನ್ನೊಂದು ಪ್ರಯೋಗದ ಫಲ ಪ್ರಕಟಿಸಿದರು. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡ 20 ಗಂಡಸರಿಗೆ, ತೆಳು ಮಾಡಿದ ಡೀಸೆಲ್ ಹೊಗೆ ಇದ್ದ ಕೋಣೆಯಲ್ಲಿ ಸೈಕಲ್ ತುಳಿಯಲು ಹೇಳಿದ್ದರು. ಶುದ್ಧ ಗಾಳಿಯಲ್ಲಿ ತುಳಿದಾಗಿನದಕ್ಕಿಂತ ಹೊಗೆಯಲ್ಲಿ ತುಳಿದಾಗ ಹೃದಯಕ್ಕೆ ರಕ್ತ ಸಾಲದ ಗುರುತು ಇಸಿಜಿಯಲ್ಲಿ ಹೆಚ್ಚು ಕಂಡಿತು. ಹೆಪ್ಪು ಕರಗಿಸುವ ದೇಹದ ಶಕ್ತಿಯೂ ತಗ್ಗಿತ್ತು.

ಅಂಕಿಗಳು ಮನಸ್ಸಿಗೆ ನಾಟುವುದಿಲ್ಲ. ಎಲಾ ಅಡೂ-ಕಿಸ್ಸಿ-ಡೆಬ್ರಾ ಅನ್ನುವ ಹುಡುಗಿಯ ಕಥೆ ನಾಟುತ್ತದೆ. ಲಂಡನ್ನಿನ ಲೂಯಿಷಮ್‌ನಲ್ಲಿ, ಸದಾ ಗಾಡಿಗಳಿಂದ ಗಿಜಿಗುಡುವ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ಅವಳ ಮನೆ. ತೀವ್ರ ಆಸ್ತಮಾ. ಮತ್ತೆ ಮತ್ತೆ ಆಸ್ಪತ್ರೆ. 2013ರ ಫೆಬ್ರವರಿಯಲ್ಲಿ 9 ವರ್ಷದ ಎಲಾ ತೀರಿಕೊಂಡಳು. ಅವಳ ತಾಯಿ ರೋಸಮಂಡ್ ಬಿಡಲಿಲ್ಲ. ಸಾವಿನ ಕಾರಣದ ಬಗ್ಗೆ ನಡೆದ ಮೊದಲ ವಿಚಾರಣೆಯ ತೀರ್ಪನ್ನು ರದ್ದು ಮಾಡಿಸಿ ಮತ್ತೆ ವಿಚಾರಣೆ ನಡೆಯುವಂತೆ ಹೋರಾಡಿದರು. 2020ರ ಡಿಸೆಂಬರ್‌ನಲ್ಲಿ ಅವಳ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ ದಾಖಲಾಯಿತು. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಸಾವಿನ ದಾಖಲೆಗೆ ಈ ಕಾರಣ ಸೇರಿದ್ದು ಅದೇ ಮೊದಲು. ಆ ಮಾಲಿನ್ಯದ ಮುಖ್ಯ ಮೂಲ ವಾಹನಗಳ ಹೊಗೆ ಅಂತಲೂ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು.

ಎಲಾ ಬದುಕಿದ್ದ ಆ ವರ್ಷಗಳಲ್ಲೇ ಯುರೋಪಿನಲ್ಲಿ ಡೀಸೆಲ್ ಕಾರುಗಳನ್ನು 'ಶುದ್ಧ' ಅಂತ ಮಾರುತ್ತಿದ್ದರು. ಮೈಲೇಜ್ ಹೆಚ್ಚು, ಇಂಗಾಲದ ಡೈಆಕ್ಸೈಡ್ ಕಡಿಮೆ ಅನ್ನುವುದು ವಾದ. ಈ ಮಾತನ್ನು ರಸ್ತೆಯ ಮೇಲೆ ಪರೀಕ್ಷಿಸಿದವರಲ್ಲಿ ಬೆಂಗಳೂರಿನ ಎಂಜಿನಿಯರ್ ಹೇಮಂತ್ ಕಪ್ಪಣ್ಣ ಒಬ್ಬರು. ಆಗ ಅವರು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. ತಂಡದವರು ಅಳತೆಯ ಯಂತ್ರಗಳನ್ನು ಕಾರಿನಲ್ಲೇ ಹೇರಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಲ್ಯಾಬಿನಲ್ಲಿ ಪಾಸಾಗುತ್ತಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ವಂಚನೆ ಬಯಲಾಯಿತು. ಟೆಸ್ಟ್ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ಶುದ್ಧ ಮಾಡುವ ಸಾಫ್ಟ್‌ವೇರ್ ಆ ಕಾರುಗಳಲ್ಲಿತ್ತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಆ ಕಾರುಗಳ ಹಿಂದೆ ಕಪ್ಪು ಹೊಗೆ ಕಾಣುತ್ತಿರಲಿಲ್ಲ. ಬೆಳಕು ಹಾಯಿಸಿ ನೋಡುವ ನಮ್ಮ ವ್ಯಾನಿಗೆ ಈ ಮೋಸ ಯಾವತ್ತೂ ಸಿಗುತ್ತಿರಲಿಲ್ಲ.

ನಮ್ಮಲ್ಲಿ ಒಳ್ಳೆಯದೂ ಆಗಿದೆ, ಅದನ್ನು ಮನಸ್ಸು ಬಿಚ್ಚಿ ಹೇಳಬೇಕು. 1990ರ ದಶಕದ ಮಧ್ಯದವರೆಗೆ ನಮ್ಮ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10,000 ಭಾಗದವರೆಗೂ ಇರುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಅನ್ನುವ ಹೊಗೆ ಮಿತಿಯ ನಿಯಮ ಬಂದ ಮೇಲೆ ಅದು 10 ಭಾಗ. ಗಂಧಕ ಇಳಿದರೆ ಮಾತ್ರ ಹೊಗೆ ಶುದ್ಧ ಮಾಡುವ ಉಪಕರಣಗಳು ಸರಿಯಾಗಿ ಕೆಲಸ ಮಾಡುತ್ತವೆ. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ನೈಟ್ರೋಜನ್ ಆಕ್ಸೈಡ್ 250ರಿಂದ 80ಕ್ಕೆ. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ರಸ್ತೆಯಲ್ಲಿ ಓಡಿಸಿಯೂ ಪರೀಕ್ಷಿಸಬೇಕು.

ಹೊಸ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಸಣ್ಣ ರಂಧ್ರಗಳಿರುವ ಪಿಂಗಾಣಿಯಂಥ ಗೂಡು ಅದು. ಹೊಗೆ ಅದರ ಗೋಡೆ ದಾಟುವಾಗ ಮಸಿ ಅಲ್ಲೇ ಉಳಿಯುತ್ತದೆ. ಎಡಿನ್‌ಬರೋದವರು 2011ರಲ್ಲಿ ಇಂಥ ಫಿಲ್ಟರ್ ಹಾಕಿ ಮತ್ತೆ ಪ್ರಯೋಗ ಮಾಡಿದರು. ರಕ್ತನಾಳಗಳ ಮೇಲೆ ಹೊಗೆ ಮಾಡುತ್ತಿದ್ದ ಕೆಡುಕು ಕಾಣಲಿಲ್ಲ. ಹೊಸ ತಂತ್ರಜ್ಞಾನದ ಎಂಜಿನ್ ಹೊಗೆಯನ್ನು ಇಲಿಗಳಿಗೆ ಜೀವನವಿಡೀ ಉಸಿರಾಡಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲೂ ಶ್ವಾಸಕೋಶದ ಗೆಡ್ಡೆಗಳು ಹುಟ್ಟಲಿಲ್ಲ. ಅಂದರೆ ಮದ್ದು ಇದೆ, ಕೆಲಸವೂ ಮಾಡುತ್ತದೆ.

ಆದರೆ ಫಿಲ್ಟರ್ ಇದ್ದರೆ ತಾನೆ? ಸಿಟಿಯೊಳಗೆ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹಿಡಿದಿಟ್ಟ ಮಸಿಯನ್ನು ಸುಟ್ಟು ಹಾಕಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಓಡಬೇಕು. ಓಡದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬರುತ್ತದೆ. ಹೊಸ ಫಿಲ್ಟರ್ ತುಂಬಾ ದುಬಾರಿ. ಆಗ "ತೆಗೆಸಿಬಿಡಿ, ಪಿಕಪ್ ಚೆನ್ನಾಗಿರುತ್ತೆ" ಅನ್ನುವ ಸಲಹೆ ಸಿಗುತ್ತದೆ. ಲಾರಿಗಳಲ್ಲಿ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಬೇಕಾದ ಯೂರಿಯಾ ದ್ರಾವಣ ಹಾಕದೆ ಓಡಿಸುವ ದಾರಿ ಹುಡುಕುವವರೂ ಇದ್ದಾರೆ. ಅವರ ಖರ್ಚಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹೀಗೆ ಮಾಡಿದ ಗಾಡಿಯೂ ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗಬಹುದು. ಹೊಸ ಎಂಜಿನ್‌ನಲ್ಲಿ ಮೊದಲೇ ಕಪ್ಪು ಕಡಿಮೆ. ಫಿಲ್ಟರ್ ಇಲ್ಲದೆ ಕೋಟಿಗಟ್ಟಲೆ ಸೂಕ್ಷ್ಮ ಕಣಗಳು ಹೊರಬಂದರೂ ಬೆಳಕಿನ ಪರೀಕ್ಷೆಗೆ ಅವು ಕಾಣುವುದು ಕಷ್ಟ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಜರ್ಮನಿ 2022 ಮತ್ತು 2023ರಲ್ಲಿ ಇದಕ್ಕೆಂದೇ ತಪಾಸಣೆ ಬದಲಾಯಿಸಿದವು. ಅಲ್ಲಿ ಈಗ ಫಿಲ್ಟರ್ ಇರುವ ಡೀಸೆಲ್ ಗಾಡಿಯ ಹೊಗೆಯಲ್ಲಿ ಕಣಗಳ ಸಂಖ್ಯೆಯನ್ನೇ ಎಣಿಸುತ್ತಾರೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇದ್ದಾಗಲೇ ಮಾಡಬಹುದಾದ ಪರೀಕ್ಷೆ ಅದು. ನಮಗೂ ಅದು ಬೇಕು. ಫಿಲ್ಟರ್ ಕಡ್ಡಾಯ ಮಾಡಿ, ಅದು ಇದೆಯೋ ಇಲ್ಲವೋ ನೋಡದೆ ಬಿಟ್ಟರೆ ಬಿಎಸ್ 6ಗೆ ಸುರಿದ ದುಡ್ಡಿಗೆ ಅರ್ಥವೇನು?

ಇನ್ನು ಬಿಎಸ್ 6 ಮುಟ್ಟದ ಎಂಜಿನ್‌ಗಳು. ಹಳೆಯ ಲಾರಿ, ಬೋರ್‌ವೆಲ್ ಕೊರೆಯುವ ಗಾಡಿ, ಟ್ರಾಕ್ಟರ್, ಜೆಸಿಬಿ, ಜನರೇಟರ್. ಟ್ರಾಕ್ಟರ್‌ಗಳಿಗೆ 2023ರ ಜನವರಿಯಿಂದ ಬಂದ ಬಿಗಿ ನಿಯಮ 50 ಹಾರ್ಸ್‌ಪವರ್ ಮೇಲಿನವಕ್ಕೆ ಮಾತ್ರ. ನಮ್ಮ ಹೊಲಗಳಲ್ಲಿರುವ ಟ್ರಾಕ್ಟರ್‌ಗಳಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕವು. ಬೆಂಗಳೂರಿನಲ್ಲಿ ಬಿಎಂಟಿಸಿ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸು ಓಡಿಸುತ್ತಿದೆ. ಇದರಿಂದ ಮೊದಲ ಲಾಭ ಆಗುವುದು ಬಸ್‌ಸ್ಟಾಪಿನಲ್ಲಿ ಸೈಲೆನ್ಸರ್ ಎತ್ತರಕ್ಕೇ ಮುಖ ಇರುವ ಮಕ್ಕಳಿಗೆ. ಅದು ದೊಡ್ಡ ವಿಷಯ.

ಎಲ್ಲಕ್ಕಿಂತ ಹೆಚ್ಚು ಹೊಗೆ ಕುಡಿಯುವವರು ಕಾರಿನ ಗಾಜು ಏರಿಸಿಕೊಂಡು ಹೋಗುವ ನಾವಲ್ಲ. ಶಟರ್ ಅರ್ಧ ಎಳೆದ ಗ್ಯಾರೇಜಿನಲ್ಲಿ ಎಂಜಿನ್ ಆನ್ ಮಾಡಿಟ್ಟು ಶಬ್ದ ಕೇಳುವ ಮೆಕ್ಯಾನಿಕ್. ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸ್. ಬಸ್‌ಸ್ಟ್ಯಾಂಡಿನಲ್ಲಿ ಕಡ್ಲೆಕಾಯಿ ಮಾರುವ ಅಮ್ಮ. ಅಮೆರಿಕದ ಗಣಿಯವರಂತೆ ಇವರ ದಾಖಲೆಯನ್ನು ಇಪ್ಪತ್ತು ವರ್ಷ ಯಾರೂ ಹಿಡಿದಿಟ್ಟಿಲ್ಲ. ಯುರೋಪಿನಲ್ಲಿ 2023ರಿಂದ ಕೆಲಸದ ಜಾಗದಲ್ಲಿ ಡೀಸೆಲ್ ಮಸಿಗೆ ಮಿತಿ ಇದೆ. ಒಂದು ಘನ ಮೀಟರ್ ಗಾಳಿಯಲ್ಲಿ 0.05 ಮಿಲಿಗ್ರಾಂ ಇಂಗಾಲ, ಅಷ್ಟೇ. ನಮ್ಮ ಗ್ಯಾರೇಜುಗಳಲ್ಲಿ ದುಬಾರಿ ಯಂತ್ರ ಬರುವ ತನಕ ಕಾಯಬೇಕಿಲ್ಲ. ಸೈಲೆನ್ಸರ್‌ಗೆ ಒಂದು ಉದ್ದ ಪೈಪ್ ಸಿಕ್ಕಿಸಿ ಹೊಗೆಯನ್ನು ಹೊರಗೆ ಬಿಟ್ಟರೂ ಎಷ್ಟೋ ವ್ಯತ್ಯಾಸ ಆಗುತ್ತದೆ. ಬಟ್ಟೆಯ ಮಾಸ್ಕ್ ಈ ಕಣಗಳಿಗೆ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್95 ಕಣಗಳನ್ನು ತಡೆಯುತ್ತದೆ, ಆದರೆ ಅನಿಲಗಳನ್ನು ತಡೆಯುವುದಿಲ್ಲ.

ಜನರೇಟರ್ ವಿಷಯದಲ್ಲಿ ನಿಯಮ ಈಗಾಗಲೇ ಇದೆ. 2023ರ ಜುಲೈನಿಂದ ಹೊಸ ಜನರೇಟರ್‌ಗಳಿಗೆ ಬಿಗಿ ಮಿತಿ ಬಂದಿದೆ. ಹಳೆಯವು ಹಾಗೇ ಇವೆ. ಆದರೆ ಹೊಗೆ ಪೈಪ್ ಎಷ್ಟು ಎತ್ತರ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿರುವ ಲೆಕ್ಕ ಹಳೆಯವಕ್ಕೂ ಇದೆ. ಜನರೇಟರ್‌ನ ಸಾಮರ್ಥ್ಯ ಹೇಳುವ ಕೆವಿಎ ಸಂಖ್ಯೆಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿ. ಅಷ್ಟು ಮೀಟರ್, ಕಟ್ಟಡದ ಎತ್ತರಕ್ಕಿಂತ ಮೇಲೆ. 100 ಕೆವಿಎ ಆದರೆ ಕಟ್ಟಡ ದಾಟಿ ಇನ್ನೂ 2 ಮೀಟರ್. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಆಫೀಸಿನಲ್ಲೋ ಆ ಪೈಪ್ ಎಲ್ಲಿ ಮುಗಿಯುತ್ತದೆ ಅಂತ ಇವತ್ತು ಕೆಳಗಿಳಿದಾಗ ನೋಡಿ. ಗೋಡೆ ಮಸಿ ಹಿಡಿದಿದ್ದರೆ ಹುಡುಕಬೇಕಾಗಿಯೂ ಇಲ್ಲ. ಅದರ ಪಕ್ಕದಲ್ಲೇ ವಾಚ್‌ಮ್ಯಾನ್ ಕುಟುಂಬದ ಕೋಣೆ ಇದ್ದರೆ, ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಪೈಪ್ ಎತ್ತರಿಸುವ ಮಾತನ್ನು ಮೊದಲು ಎತ್ತಿ.